ನೆಟ್ ಹತ್ತಿರ ನಿಧಾನವೇ ಪ್ರಧಾನ

ಪಿಕಲ್‌ಬಾಲ್ ಕೋರ್ಟಿಗೆ ಹೊಸದಾಗಿ ಇಳಿದವರು ಮೊದಮೊದಲು ಮಾಡುವುದು ಒಂದೇ ಕೆಲಸ: ಸಿಕ್ಕ ಚೆಂಡನ್ನೆಲ್ಲ ಬಾರಿಸುವುದು. ಪ್ಯಾಡಲ್ ಹಗುರ, ಚೆಂಡು ಹಗುರ, ಕೋರ್ಟ್ ಚಿಕ್ಕದು. ಟಕ್ಕೆಂದು ಸದ್ದು ಬರುವಂತೆ ಬೀಸಿದರೆ ಕೈಗೂ ಖುಷಿ, ಕಿವಿಗೂ ಖುಷಿ. ಎದುರಿಗಿರುವವರೂ ಹೊಸಬರಾದರೆ ಅಂಕಗಳೂ ಬರುತ್ತವೆ. ಸ್ವಲ್ಪ ಪಳಗಿದ ಜೋಡಿ ಎದುರಾದ ದಿನ ಮಾತ್ರ ಎಲ್ಲ ತಲೆಕೆಳಗಾಗುತ್ತದೆ. ಅವರಿಗೆ ಯಾವ ಅವಸರವೂ ಇರುವುದಿಲ್ಲ. ನೆಟ್ ಹತ್ತಿರ ಬಂದು ನಿಂತು ಚೆಂಡನ್ನು ಮೆಲ್ಲಗೆ ಈಚೆಗೆ ದಾಟಿಸುತ್ತಾ ಇರುತ್ತಾರೆ. ನಾಲ್ಕನೆಯದಕ್ಕೋ ಐದನೆಯದಕ್ಕೋ ನಿಮ್ಮ ತಾಳ್ಮೆ ಮುಗಿಯುತ್ತದೆ. ಬೀಸಿ ಹೊಡೆಯುತ್ತೀರಿ. ಚೆಂಡು ನೆಟ್‌ಗೆ ಬಡಿಯುತ್ತದೆ, ಇಲ್ಲವೇ ಎತ್ತರಕ್ಕೆ ಎದ್ದು ಅವರ ಕೈಗೆ ಸಿಗುತ್ತದೆ.

ಹೊರಗಿನಿಂದ ನೋಡುವವರಿಗೆ ಇದು ವರ್ಷಗಟ್ಟಲೆ ಆಡಿ ಬಂದ ಕೈಚಳಕದಂತೆ ಕಾಣುತ್ತದೆ. ಕೈಚಳಕ ಬೇಕು ನಿಜ, ಆದರೆ ಇದರ ಬುಡ ಇರುವುದು ಕೋರ್ಟಿನ ಅಳತೆಯಲ್ಲಿ ಮತ್ತು ಚೆಂಡು ಪುಟಿಯುವ ರೀತಿಯಲ್ಲಿ. ನೆಟ್‌ಗಿಂತ ಕೆಳಗಿರುವ ಚೆಂಡನ್ನು ಯಾರೇ ಆಗಲಿ ಮೇಲ್ಮುಖವಾಗಿಯೇ ಹೊಡೆಯಬೇಕು. ಮೇಲ್ಮುಖವಾಗಿ ಹೊಡೆಯುವವರು ದಾಳಿ ಮಾಡಲಾರರು. ಎದುರಾಳಿಯನ್ನು ಮತ್ತೆ ಮತ್ತೆ ಆ ಸ್ಥಿತಿಗೆ ತರುವ ಸಾಧನವೇ ಮೆದು ಹೊಡೆತ. ಇಷ್ಟು ಮನಸ್ಸಿಗೆ ಬಂದರೆ ಮಿಕ್ಕದ್ದೆಲ್ಲ ಅಭ್ಯಾಸ. ಈ ಲೇಖನ ಡಬಲ್ಸ್ ಆಡುವವರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು, ಏಕೆಂದರೆ ಹೊಸಬರು ಹೆಚ್ಚಾಗಿ ಆಡುವುದು ಅದನ್ನೇ.

ಕೋರ್ಟಿನ ಅಳತೆ ಹೇಳುವ ಮಾತು

1965ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಡ್ಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಮನೆಮಂದಿಗೆಂದು ಈ ಆಟ ಹುಟ್ಟುಹಾಕಿದರು. ಬಾರ್ನಿ ಮೆಕಲಮ್ ಜೊತೆಯಾದ ಮೇಲೆ ಮೂವರೂ ಸೇರಿ ನಿಯಮಗಳನ್ನು ರೂಪಿಸಿದರು. ಆಡಿದ್ದು ಪ್ರಿಚರ್ಡ್ ಮನೆಯ ಆವರಣದಲ್ಲಿದ್ದ ಹಳೆಯ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ. ಹಾಗಾಗಿ ಪಿಕಲ್‌ಬಾಲ್ ಕೋರ್ಟಿನ ಅಳತೆ ಇಂದಿಗೂ ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನದ್ದೇ: 44 ಅಡಿ ಉದ್ದ, 20 ಅಡಿ ಅಗಲ. ಮೊದಲು ಬ್ಯಾಡ್ಮಿಂಟನ್ ಎತ್ತರದಲ್ಲೇ ಇದ್ದ ನೆಟ್ಟನ್ನು ಚೆಂಡು ಚೆನ್ನಾಗಿ ಪುಟಿಯುವುದನ್ನು ಕಂಡು ಕೆಳಗಿಳಿಸಿದರು. ಈಗ ಅದರ ಎತ್ತರ ಪಕ್ಕದ ಗೆರೆಗಳ ಬಳಿ 36 ಇಂಚು, ನಡುವೆ 34 ಇಂಚು. ಆ ಎರಡು ಇಂಚಿನ ತಗ್ಗು ಮುಂದೆ ನಮ್ಮ ಉಪಯೋಗಕ್ಕೆ ಬರುತ್ತದೆ.

ನೆಟ್‌ನ ಎರಡೂ ಬದಿಗೆ 7 ಅಡಿ ಆಳದ ಒಂದು ಪಟ್ಟಿ ಇದೆ. ನಿಯಮ ಪುಸ್ತಕದಲ್ಲಿ ಅದರ ಹೆಸರು ನಾನ್-ವಾಲಿ ಜೋನ್. ಆಡುವವರ ಬಾಯಲ್ಲಿ ಅದು ಕಿಚನ್. ಕಿಚನ್ ಗೆರೆಯಿಂದ ಹಿಂದಿನ ಬೇಸ್‌ಲೈನ್‌ವರೆಗೆ 15 ಅಡಿ. ಕಿಚನ್‌ನೊಳಗೆ ನಿಂತು ವಾಲಿ ಮಾಡುವಂತಿಲ್ಲ, ಅಂದರೆ ಚೆಂಡು ನೆಲಕ್ಕೆ ಬೀಳುವ ಮುನ್ನವೇ ಹೊಡೆಯುವಂತಿಲ್ಲ. ಈ ನಿಯಮ ಇಲ್ಲದಿದ್ದರೆ ಎತ್ತರದ ಆಳೊಬ್ಬರು ನೆಟ್‌ಗೆ ಅಂಟಿ ನಿಂತು ಬಂದ ಚೆಂಡನ್ನೆಲ್ಲ ಕೆಳಕ್ಕೆ ಬಡಿಯಬಹುದಿತ್ತು, ಆಟ ಅಲ್ಲಿಗೇ ಮುಗಿಯುತ್ತಿತ್ತು. ಬಲಕ್ಕೆ ಕಡಿವಾಣ ಹಾಕಿ ಮೆದು ಆಟಕ್ಕೆ ಜಾಗ ಮಾಡಿಕೊಟ್ಟಿರುವುದು ಈ ಏಳು ಅಡಿ.

ಹೊಸಬರಲ್ಲಿ ಕಿಚನ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಕಿಚನ್‌ನೊಳಗೆ ಕಾಲಿಡುವುದೇ ತಪ್ಪು ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗೇನಿಲ್ಲ. ಯಾವಾಗ ಬೇಕಾದರೂ ಒಳಗೆ ಹೋಗಬಹುದು, ಎಷ್ಟು ಹೊತ್ತಾದರೂ ನಿಲ್ಲಬಹುದು, ನೆಲಕ್ಕೆ ಬಿದ್ದು ಪುಟಿದ ಚೆಂಡನ್ನು ಅಲ್ಲಿಂದಲೇ ಹೊಡೆಯಬಹುದು. ನಿಷೇಧ ಇರುವುದು ವಾಲಿಗೆ ಮಾತ್ರ. ಆದರೆ ಆ ನಿಷೇಧ ಬಿಗಿಯಾದದ್ದು. ಗೆರೆಯೂ ಕಿಚನ್‌ನ ಭಾಗವೇ, ಆದ್ದರಿಂದ ವಾಲಿ ಮಾಡುವಾಗ ಶೂ ತುದಿ ಗೆರೆ ಸೋಕಿದರೂ ಫೌಲ್ಟ್. ವಾಲಿ ಹೊಡೆದ ರಭಸಕ್ಕೆ ಮುಂದೆ ಮುಗ್ಗರಿಸಿ ಗೆರೆ ತುಳಿದರೂ ಫೌಲ್ಟ್, ಅಷ್ಟರಲ್ಲಿ ರ‍್ಯಾಲಿ ಮುಗಿದಿದ್ದರೂ ಕೂಡ. ತಲೆಯ ಟೋಪಿ ಜಾರಿ ಒಳಗೆ ಬಿದ್ದರೂ ಅದೇ ಕಥೆ. ಒಳಗೆ ಹೋದವರು ಎರಡೂ ಪಾದಗಳನ್ನು ಹೊರಗೆ ಊರಿದ ಮೇಲಷ್ಟೇ ಮತ್ತೆ ವಾಲಿ ಮಾಡಬಹುದು. ಅಂಪೈರ್ ಇಲ್ಲದೆ ಗೆಳೆಯರೊಂದಿಗೆ ಆಡುವಾಗ ಕಾಲು ಗೆರೆ ಮುಟ್ಟಿದ್ದು ಮೊದಲು ಗೊತ್ತಾಗುವುದು ನಿಮಗೇ. ಅದನ್ನು ನೀವೇ ಬಾಯಿಬಿಟ್ಟು ಹೇಳುವುದು ಈ ಆಟದ ಮರ್ಯಾದೆ.

ಪುಟಿತದ ಲೆಕ್ಕ

ಮೆದು ಹೊಡೆತ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಉತ್ತರ ಚೆಂಡಿನಲ್ಲೇ ಇದೆ. ಪಿಕಲ್‌ಬಾಲ್ ಚೆಂಡು ಟೊಳ್ಳು ಪ್ಲಾಸ್ಟಿಕ್ಕಿನದು, ಮೈತುಂಬ 26ರಿಂದ 40 ತೂತುಗಳು. ತೂಕ ಸುಮಾರು 22ರಿಂದ 26 ಗ್ರಾಂ, ಅಂದರೆ ಟೆನಿಸ್ ಚೆಂಡಿನ ಅರ್ಧಕ್ಕಿಂತಲೂ ಕಡಿಮೆ. ಎಷ್ಟೇ ಬಲವಾಗಿ ಹೊಡೆದರೂ ಗಾಳಿ ಇದನ್ನು ಬೇಗ ತಡೆಯುತ್ತದೆ. ಬೇಸ್‌ಲೈನ್‌ನಿಂದ ಸಿಡಿಸಿದ ಚೆಂಡು ಎದುರಿನ ಕಿಚನ್ ಗೆರೆ ತಲುಪುವಷ್ಟರಲ್ಲಿ ಅದರ ಅಬ್ಬರ ತಗ್ಗಿರುತ್ತದೆ. ಅಲ್ಲಿ ನಿಂತವರು ಪ್ಯಾಡಲ್ ಅಡ್ಡ ಹಿಡಿದರೂ ಸಾಕು, ಚೆಂಡು ನಿಮ್ಮ ಕಡೆಗೇ ವಾಪಸ್.

ಇನ್ನು ಪುಟಿಯುವ ಗುಣ. ಚೆಂಡನ್ನು ಮಾನ್ಯ ಮಾಡುವ ಪರೀಕ್ಷೆಯಲ್ಲಿ ಅದನ್ನು 78 ಇಂಚು ಎತ್ತರದಿಂದ ಗ್ರಾನೈಟ್ ಹಲಗೆಯ ಮೇಲೆ ಬಿಡುತ್ತಾರೆ. ಅದು 30ರಿಂದ 34 ಇಂಚಿನವರೆಗೆ ಮೇಲೇಳಬೇಕು. ಸ್ಥೂಲವಾಗಿ ಹೇಳುವುದಾದರೆ, ಬಿದ್ದ ಎತ್ತರದಲ್ಲಿ ನೂರಕ್ಕೆ ನಲವತ್ತು ಪಾಲು ಮಾತ್ರ ಮರಳಿ ಬರುತ್ತದೆ. ಕೋರ್ಟಿನ ನೆಲಕ್ಕೆ ತಕ್ಕಂತೆ ಇದು ತುಸು ಆಚೀಚೆ ಆಗಬಹುದು, ಲೆಕ್ಕದ ದಾರಿ ಬದಲಾಗುವುದಿಲ್ಲ.

ಈ ನಲವತ್ತನ್ನು ನೆಟ್‌ನ ಎತ್ತರದ ಪಕ್ಕ ಇಟ್ಟು ನೋಡಿ. ನೀವು ಮೆಲ್ಲಗೆ ಎತ್ತಿ ಕಳಿಸಿದ ಚೆಂಡು ತನ್ನ ಹಾದಿಯ ತುತ್ತತುದಿಯಲ್ಲಿ ನಾಲ್ಕು ಅಡಿ, ಅಂದರೆ 48 ಇಂಚು ಎತ್ತರ ಇತ್ತು ಎಂದುಕೊಳ್ಳೋಣ. ಅದು ಎದುರಿನ ಕಿಚನ್‌ನಲ್ಲಿ ಬಿದ್ದು ಪುಟಿದಾಗ ಏಳುವುದು ಸುಮಾರು 19 ಇಂಚು. ನೆಟ್ ನಡುವೆ 34 ಇಂಚು ಇದೆ. ಎದುರಾಳಿ ಎಷ್ಟೇ ಚುರುಕಾಗಿದ್ದರೂ ಆ ಪುಟಿದ ಚೆಂಡು ನೆಟ್‌ಗಿಂತ ಒಂದಡಿಗೂ ಹೆಚ್ಚು ಕೆಳಗೇ ಸಿಗುತ್ತದೆ, ಅದನ್ನು ಎತ್ತಿಯೇ ಹೊಡೆಯಬೇಕು. ಚೆಂಡು ಐದು ಅಡಿ ಎತ್ತರ ಹೋದರೂ ಪುಟಿಯುವುದು ಎರಡು ಅಡಿ ಅಷ್ಟೇ. ಪುಟಿದ ಚೆಂಡು ನೆಟ್‌ನ ಮಟ್ಟಕ್ಕೆ ಬರಬೇಕಾದರೆ ನೀವು ಅದನ್ನು ಸುಮಾರು ಏಳು ಅಡಿ ಎತ್ತರಕ್ಕೆ ಕಳಿಸಿರಬೇಕು.

ಈ ಲೆಕ್ಕ ಹೊಸಬರಿಗೆ ದೊಡ್ಡ ಧೈರ್ಯ ಕೊಡುತ್ತದೆ. ಚೆಂಡು ನೆಟ್‌ನ ಪಟ್ಟಿಯನ್ನು ಸವರಿಕೊಂಡೇ ಹೋಗಬೇಕು ಎಂದು ಹೆದರಿ ಹೆದರಿ ಹೊಡೆದು ನೆಟ್‌ಗೆ ಹಾಕುವ ಅಗತ್ಯವಿಲ್ಲ. ನೆಟ್ ಮೇಲೆ ಒಂದಡಿ ಜಾಗ ಬಿಟ್ಟು ದಾಟಿಸಿದರೂ ಹೊಡೆತ ಕೆಟ್ಟದ್ದಲ್ಲ. ಷರತ್ತು ಎರಡೇ. ಒಂದು, ಚೆಂಡು ಕಿಚನ್‌ನೊಳಗೆ ಬೀಳಬೇಕು. ಗೆರೆ ದಾಟಿ ಹೋಗುವಂತಿದ್ದರೆ ಎದುರಾಳಿ ಅದು ನೆಲ ಮುಟ್ಟುವ ತನಕ ಕಾಯುವುದಿಲ್ಲ, ಗಾಳಿಯಲ್ಲೇ ಹೊಡೆದುಬಿಡುತ್ತಾರೆ. ಗೆರೆಯ ಸಮೀಪ ತೇಲಿ ಬರುವ ಚೆಂಡನ್ನೂ ಅವರು ಹೊರಗೆ ನಿಂತೇ ಕೈ ಚಾಚಿ ತೆಗೆದುಕೊಳ್ಳಬಲ್ಲರು. ಎರಡು, ಚೆಂಡು ಅತಿ ಎತ್ತರ ಮುಟ್ಟುವ ಜಾಗ ನಿಮ್ಮ ಬದಿಯಲ್ಲಿರಬೇಕು, ಹೆಚ್ಚೆಂದರೆ ನೆಟ್‌ನ ನೇರ ಮೇಲೆ. ನೆಟ್ ದಾಟುವಾಗಲೇ ಅದು ಇಳಿಮುಖವಾಗಿದ್ದರೆ ಕಿಚನ್‌ನ ಮುಂಭಾಗದಲ್ಲಿ ಬಿದ್ದು ಅಲ್ಲೇ ಕುಳಿತುಕೊಳ್ಳುತ್ತದೆ.

ಡಿಂಕ್ ಹೊಡೆಯುವುದು ಹೇಗೆ

ಕಿಚನ್ ಗೆರೆಯ ಬಳಿ ನಿಂತು ಎದುರಿನ ಕಿಚನ್‌ನೊಳಗೆ ಮೆಲ್ಲಗೆ ಬೀಳಿಸುವ ಹೊಡೆತಕ್ಕೆ ಡಿಂಕ್ ಎನ್ನುತ್ತಾರೆ. ಇದು ನೋಡಲು ಸಲೀಸು. ಆದರೆ ಬೇರೆ ಆಟಗಳಿಂದ ಬಂದ ಕೈಗೆ ಇದನ್ನು ಹೊಸದಾಗಿಯೇ ಕಲಿಸಬೇಕು.

ನಿಲುವಿನಿಂದ ಶುರು ಮಾಡೋಣ. ಗೆರೆಯ ಹಿಂದೆ ಎರಡು ಮೂರು ಇಂಚು ಬಿಟ್ಟು, ಕಾಲುಗಳನ್ನು ಭುಜದಗಲಕ್ಕಿಂತ ತುಸು ಹೆಚ್ಚು ಅಗಲಿಸಿ, ಮಂಡಿ ಬಾಗಿಸಿ ನಿಲ್ಲಿ. ಭಾರ ಪಾದದ ಮುಂಭಾಗದ ಮೇಲಿರಲಿ. ಪ್ಯಾಡಲ್ ಎದೆಯ ಮುಂದೆ ಇರಲಿ, ತೊಡೆಯ ಪಕ್ಕ ಜೋತುಬೀಳದಿರಲಿ. ಚೆಂಡು ಕೆಳಗೆ ಬಂದಾಗ ಸೊಂಟ ಬಗ್ಗಿಸಿ ಪ್ಯಾಡಲ್ ಇಳಿಬಿಡುವುದು ಎಲ್ಲರ ಚಾಳಿ. ಹಾಗೆ ಮಾಡಿದಾಗ ಕಣ್ಣು ಚೆಂಡಿನಿಂದ ದೂರವೇ ಉಳಿಯುತ್ತದೆ, ಅಳತೆ ತಪ್ಪುತ್ತದೆ. ಮಂಡಿ ಬಾಗಿಸಿ ಇಡೀ ದೇಹವನ್ನೇ ಇಳಿಸಿ.

ಹಿಡಿತದ ವಿಷಯ. ಪ್ಯಾಡಲ್ಲನ್ನು ಬಿಗಿಯಾಗಿ ಹಿಡಿದರೆ ಮುಟ್ಟಿದ ಚೆಂಡು ಚಿಮ್ಮುತ್ತದೆ. ಹಿಡಿತ ಸಡಿಲ ಇದ್ದರೆ ಚೆಂಡಿನ ವೇಗವನ್ನು ಕೈ ಹೀರಿಕೊಳ್ಳುತ್ತದೆ. ಎಷ್ಟು ಸಡಿಲ ಎಂದರೆ, ಪುಟ್ಟ ಮಗುವಿನ ಕೈ ಹಿಡಿದು ರಸ್ತೆ ದಾಟಿಸುವಷ್ಟು: ಜಾರಲೂಬಾರದು, ನೋಯಲೂಬಾರದು. ಜೋರಾಗಿ ಹೊಡೆಯುವ ಹೊತ್ತಿಗೆ ಮಾತ್ರ ಬಿಗಿಗೊಳಿಸಿದರೆ ಸಾಕು.

ಚೆಂಡನ್ನು ಮುಟ್ಟಬೇಕಾದದ್ದು ದೇಹದ ಮುಂದೆ. ಹೊಸಬರ ಡಿಂಕ್ ಹಾಳಾಗುವುದಕ್ಕೆ ಅತಿ ದೊಡ್ಡ ಕಾರಣವೇ ತಡವಾಗಿ, ಚೆಂಡು ಪಕ್ಕೆಯ ಹತ್ತಿರ ಬಂದ ಮೇಲೆ ಹೊಡೆಯುವುದು. ಪ್ಯಾಡಲ್ಲನ್ನು ಹಿಂದಕ್ಕೆ ಒಯ್ಯಬೇಡಿ. ಅದು ಕಣ್ಣಿಗೆ ಕಾಣುವ ಜಾಗದಲ್ಲೇ ಇರಲಿ. ಮುಖವನ್ನು ತುಸು ಆಕಾಶದ ಕಡೆ ತೆರೆದು, ಚೆಂಡಿನ ಕೆಳಗೆ ತಂದು, ಭುಜದಿಂದ ಎತ್ತಿ. ಮಣಿಕಟ್ಟು ಅಲುಗಬಾರದು. ಮಣಿಕಟ್ಟಿನಿಂದ ಚಿಮ್ಮಿಸಿದ ಡಿಂಕ್ ಒಂದು ಸಲ ಚೆನ್ನಾಗಿ ಬಿದ್ದರೆ ಇನ್ನೊಂದು ಸಲ ಮೂರಡಿ ಮೇಲೆ ಹೋಗುತ್ತದೆ. ಭುಜದಿಂದ ಎತ್ತಿದ ಡಿಂಕ್ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ಥರ ಹೋಗುತ್ತದೆ. ಹೊಡೆದ ಮೇಲೆ ಪ್ಯಾಡಲ್ ಚೆಂಡು ಹೋದ ದಿಕ್ಕಿಗೆ ಒಂದು ಗೇಣು ಹೋಗಿ ನಿಲ್ಲಲಿ, ಕೂಡಲೇ ಎದೆಯ ಮುಂದೆ ಮರಳಲಿ.

ಕಾಲಿನ ಕೆಲಸ ಇದಕ್ಕಿಂತ ಮುಖ್ಯ. ಚೆಂಡು ಪಕ್ಕಕ್ಕೆ ಬಂದಾಗ ಕೈ ಚಾಚುವ ಮೊದಲು ಕಾಲು ಸರಿಸಿ. ಗೆರೆಗೆ ಸಮಾನಾಂತರವಾಗಿ ಪುಟ್ಟ ಹೆಜ್ಜೆಗಳಲ್ಲಿ ಸರಿಯಿರಿ, ಕಾಲುಗಳನ್ನು ಕತ್ತರಿ ಹಾಕಬೇಡಿ. ಚೆಂಡು ತೀರಾ ಮುಂದೆ ಬಿದ್ದರೆ ಒಂದು ಕಾಲನ್ನು ಕಿಚನ್‌ನೊಳಗೆ ಇಟ್ಟು ಹೊಡೆದು ತಕ್ಷಣ ಹಿಂದೆಗೆಯಿರಿ. ಒಳಗೆ ನಿಂತು ನಿಮ್ಮ ಹೊಡೆತದ ಅಂದ ನೋಡುತ್ತಿದ್ದರೆ ಎದುರಾಳಿ ಮುಂದಿನ ಚೆಂಡನ್ನು ನಿಮ್ಮ ಎದೆಗೇ ಕಳಿಸುತ್ತಾರೆ. ಒಳಗಿದ್ದ ನಿಮಗೆ ಅದನ್ನು ವಾಲಿ ಮಾಡುವ ಹಕ್ಕೂ ಇರುವುದಿಲ್ಲ.

ಎಲ್ಲಿಗೆ ಕಳಿಸಬೇಕು

ಚೆಂಡು ನೆಟ್ ದಾಟುವುದು ರೂಢಿಯಾದ ಮೇಲೆ ಬರುವ ಪ್ರಶ್ನೆ ಇದು. ಹೊಸಬರಿಗೆ ನನ್ನ ಉತ್ತರ: ಮೊದಲು ಅಡ್ಡಡ್ಡಲಾಗಿ, ಕ್ರಾಸ್‌ಕೋರ್ಟ್ ಕಳಿಸಿ. ಒಂದು ಕಿಚನ್ ಗೆರೆಯಿಂದ ಎದುರಿನ ಕಿಚನ್ ಗೆರೆಗೆ ನೇರ ದೂರ 14 ಅಡಿ. ಅದೇ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದರೆ 24 ಅಡಿಗೂ ಹೆಚ್ಚು. ಅಷ್ಟು ಉದ್ದದ ದಾರಿಯಲ್ಲಿ ಚೆಂಡು ಏರಿ ಇಳಿಯಲು ಸಾಕಷ್ಟು ಅವಕಾಶ ಇರುತ್ತದೆ, ಅಳತೆಯಲ್ಲಿ ತುಸು ತಪ್ಪಿದರೂ ಕಿಚನ್‌ನೊಳಗೇ ಬೀಳುತ್ತದೆ. ಜೊತೆಗೆ ಓರೆ ದಾರಿ ನೆಟ್‌ನ ನಡುಭಾಗದ ಮೇಲೆ ಹಾದುಹೋಗುತ್ತದೆ, ಅಲ್ಲಿ ನೆಟ್ ಎರಡು ಇಂಚು ಕೆಳಗಿದೆ.

ಎರಡನೆಯ ಗುರಿ ಎದುರಾಳಿಯ ಕಾಲು. ಕಿಚನ್ ಗೆರೆಯ ಸ್ವಲ್ಪ ಒಳಗೆ, ಅವರ ಶೂಗಳ ಮುಂದೆಯೇ ಬೀಳುವ ಚೆಂಡನ್ನು ಮುಂದೆ ಬಾಗಿ ತೆಗೆಯುವುದೂ ಕಷ್ಟ, ಹಿಂದೆ ಸರಿದು ತೆಗೆಯುವುದೂ ಕಷ್ಟ. ಮೂರನೆಯದು ಬ್ಯಾಕ್‌ಹ್ಯಾಂಡ್ ಬದಿ, ಬಹಳ ಜನರಿಗೆ ಅಲ್ಲಿಂದ ಎತ್ತರ ಹಿಡಿತಕ್ಕೆ ಸಿಗುವುದಿಲ್ಲ. ನಾಲ್ಕನೆಯದು ಇಬ್ಬರ ನಡುವಿನ ಜಾಗ. "ನಂದು", "ನಿಂದು" ಎನ್ನುವಷ್ಟರಲ್ಲಿ ಚೆಂಡು ಎರಡನೆಯ ಸಲ ಪುಟಿದಿರುತ್ತದೆ.

ಎದುರಾಳಿಯನ್ನು ಒಂದೇ ಜಾಗದಲ್ಲಿ ಆರಾಮಾಗಿ ನಿಲ್ಲಲು ಬಿಡದಿರುವುದು ಇವೆಲ್ಲದರ ಉದ್ದೇಶ. ಎರಡು ಡಿಂಕ್ ಅಗಲಕ್ಕೆ, ಒಂದು ಒಳಕ್ಕೆ, ಮತ್ತೊಂದು ಕಾಲಬುಡಕ್ಕೆ. ಪ್ರತಿಸಲ ಒಂದು ಹೆಜ್ಜೆ ಹೆಚ್ಚು ಇಡಬೇಕಾದವರು ಯಾವುದೋ ಒಂದು ಹೆಜ್ಜೆ ಕಡಿಮೆ ಇಡುತ್ತಾರೆ, ಕೈ ಚಾಚುತ್ತಾರೆ, ಚೆಂಡು ಮೇಲೇಳುತ್ತದೆ. ನೀವು ಕಾಯುತ್ತಿದ್ದದ್ದು ಆ ಚೆಂಡಿಗೆ.

ತಾಳ್ಮೆ ಅಂದರೆ ಏನು, ಎಷ್ಟು ಹೊತ್ತು

"ತಾಳ್ಮೆಯಿಂದ ಆಡಿ" ಎಂದು ಕಲಿಸುವವರೆಲ್ಲ ಹೇಳುತ್ತಾರೆ. ಏನಕ್ಕೆ ಕಾಯಬೇಕು ಎಂದು ಹೇಳದಿದ್ದರೆ ಆ ಮಾತಿನಿಂದ ಪ್ರಯೋಜನವಿಲ್ಲ. ಕಾಯಬೇಕಾದದ್ದು ನೆಟ್‌ಗಿಂತ ಮೇಲೆ ಸಿಗುವ ಚೆಂಡಿಗೆ. ಅಲ್ಲಿಯವರೆಗೆ ಡಿಂಕ್, ಅದು ಸಿಕ್ಕಾಗ ದಾಳಿ.

ಚೆಂಡು ನಿಮಗೆ ಸಿಗುವ ಎತ್ತರವನ್ನು ಮೂರು ಮಟ್ಟಗಳಾಗಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಮಂಡಿಗಿಂತ ಕೆಳಗಿನ ಚೆಂಡನ್ನು ಮರುಮಾತಿಲ್ಲದೆ ಮೆಲ್ಲಗೆ ವಾಪಸ್ ಮಾಡಿ. ಮಂಡಿಯಿಂದ ನೆಟ್‌ನ ಮಟ್ಟದವರೆಗಿನ ಚೆಂಡು ಆಸೆ ಹುಟ್ಟಿಸುತ್ತದೆ, ಹೊಸಬರು ಅಂಕ ಕಳೆದುಕೊಳ್ಳುವುದು ಇಲ್ಲೇ. ಅದನ್ನೂ ಡಿಂಕ್ ಮಾಡಿ, ಆದರೆ ಒಳ್ಳೆಯ ಜಾಗ ನೋಡಿ ಮಾಡಿ. ನೆಟ್‌ಗಿಂತ ಮೇಲೆ, ನಿಮ್ಮ ಮುಂದೆ ಸಿಕ್ಕ ಚೆಂಡನ್ನು ಮಾತ್ರ ಹಿಂಜರಿಯದೆ ಕೆಳಮುಖವಾಗಿ ಹೊಡೆಯಿರಿ. ಅದನ್ನೂ ಮೆಲ್ಲಗೆ ತಳ್ಳಿ ಕೈಬಿಟ್ಟರೆ ಇಷ್ಟು ಹೊತ್ತಿನ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ. ಗುರಿ ಎದುರಾಳಿಯ ಪಾದ, ಇಲ್ಲವೇ ಇಬ್ಬರ ನಡುವಿನ ಬಿರುಕು.

ಕೆಳಗಿನ ಚೆಂಡನ್ನು ಜೋರಾಗಿ ಹೊಡೆದರೆ ಏನಾಗುತ್ತದೆ ಎಂಬುದನ್ನೂ ನೋಡಿ. ನೆಟ್ ದಾಟಿಸಲು ಅದನ್ನು ಮೇಲಕ್ಕೆ ಎತ್ತಲೇಬೇಕು, ಜೋರಾಗಿ ಎತ್ತಿದ್ದು ಮೇಲೇಳುತ್ತಲೇ ಎದುರಾಳಿಯ ಎದೆಮಟ್ಟಕ್ಕೆ ಬರುತ್ತದೆ. ಅವರು ಪ್ಯಾಡಲ್ ಎತ್ತಿ ಹಿಡಿದು ಸಿದ್ಧರಿದ್ದರೆ ಅದೇ ಚೆಂಡು ಇಳಿಮುಖವಾಗಿ ನಿಮ್ಮ ಮೇಲೆ ಬೀಳುತ್ತದೆ. 14 ಅಡಿ ದೂರವನ್ನು ಗಂಟೆಗೆ 60 ಕಿಲೋಮೀಟರ್ ವೇಗದ ಚೆಂಡು ದಾಟಲು ಬೇಕಾಗುವುದು ಸುಮಾರು ಕಾಲು ಸೆಕೆಂಡು. ನೀವಿನ್ನೂ ಹೊಡೆದ ಕೈ ಹಿಂದೆ ತರುತ್ತಿರುತ್ತೀರಿ. ದಾಳಿ ಮಾಡಿದವರು ನೀವು, ಅಂಕ ಅವರಿಗೆ.

ಹಾಗಾಗಿ ಡಿಂಕ್ ಮಾಡುವ ಹೊತ್ತಿನಲ್ಲಿ ಮೈ ಸಡಿಲ ಇರಲಿ, ಕಣ್ಣು ಎಚ್ಚರ ಇರಲಿ. ಎದುರಾಳಿಯ ಪ್ಯಾಡಲ್ ನೋಡುತ್ತಿರಿ. ಅದು ಹಿಂದಕ್ಕೆ ಹೋದರೆ ಜೋರು ಹೊಡೆತ ಬರುತ್ತಿದೆ ಎಂದೇ ಅರ್ಥ.

ಹಿಂದಿನಿಂದ ನೆಟ್‌ವರೆಗೆ ಬರುವ ದಾರಿ

ಡಿಂಕ್ ಆಟ ಶುರುವಾಗಬೇಕಾದರೆ ನಾಲ್ವರೂ ಕಿಚನ್ ಗೆರೆಗೆ ಬಂದಿರಬೇಕು. ಅಲ್ಲಿಗೆ ಬರುವುದೇ ಒಂದು ಪಾಠ. ಸರ್ವ್ ಮಾಡಿದ ಚೆಂಡು ಒಮ್ಮೆ ಪುಟಿಯಬೇಕು, ಅದಕ್ಕೆ ಉತ್ತರವಾಗಿ ಬಂದದ್ದೂ ಒಮ್ಮೆ ಪುಟಿಯಬೇಕು, ಆಮೇಲಷ್ಟೇ ವಾಲಿ. ಈ ಎರಡು ಪುಟಿತದ ನಿಯಮದಿಂದ ಸರ್ವ್ ಪಡೆದವರ ಕಡೆಗೆ ಅನುಕೂಲ ಹೆಚ್ಚು. ಅವರು ಚೆಂಡನ್ನು ಆಳಕ್ಕೆ ವಾಪಸ್ ಮಾಡಿ ನೇರ ಕಿಚನ್ ಗೆರೆಗೆ ನಡೆದುಬಿಡುತ್ತಾರೆ. ಸರ್ವ್ ಮಾಡಿದವರು ನೆಟ್‌ನಿಂದ 22 ಅಡಿ ದೂರದ ಬೇಸ್‌ಲೈನ್‌ನಲ್ಲೇ ಕಾಯಬೇಕು. ಹಾಗಾಗಿ ರ‍್ಯಾಲಿಯ ಮೂರನೆಯ ಹೊಡೆತ, ಅಂದರೆ ಸರ್ವ್ ಮಾಡಿದ ಜೋಡಿಯ ಎರಡನೆಯ ಹೊಡೆತ, ಈ ಆಟದ ಅತಿ ಕಷ್ಟದ ಹೊಡೆತ ಎನಿಸಿಕೊಂಡಿದೆ.

ಅದಕ್ಕೆ ಮದ್ದು ಥರ್ಡ್ ಶಾಟ್ ಡ್ರಾಪ್. ಬೇಸ್‌ಲೈನ್‌ನಿಂದಲೇ ಚೆಂಡನ್ನು ಕಮಾನಿನಂತೆ ಎತ್ತಿ ಎದುರಿನ ಕಿಚನ್‌ನಲ್ಲಿ ಇಳಿಸುವುದು. ಡಿಂಕ್‌ನ ಪಾಠವೇ ಇಲ್ಲೂ: ಭುಜದಿಂದ ಎತ್ತಬೇಕು, ಮಣಿಕಟ್ಟು ಅಲುಗಬಾರದು, ಅತಿ ಎತ್ತರದ ಜಾಗ ನಿಮ್ಮ ಬದಿಯಲ್ಲೇ ಇರಬೇಕು. ಚೆಂಡು ಪುಟಿದು ಅತ್ಯಂತ ಮೇಲೆ ಹೋಗಿ ಇನ್ನೇನು ಇಳಿಯುತ್ತಿದೆ ಎನ್ನುವಾಗ ಹೊಡೆದರೆ ಹಿಡಿತ ಚೆನ್ನಾಗಿ ಸಿಗುತ್ತದೆ.

ಡ್ರಾಪ್ ಹೊಡೆದ ಕೂಡಲೇ ಕಣ್ಣು ಮುಚ್ಚಿಕೊಂಡು ಮುಂದೆ ಓಡಬೇಡಿ. ಚೆಂಡು ಕೆಳಗೆ ಬೀಳುತ್ತಿದೆ ಎಂದು ಕಂಡರೆ ಮುಂದೆ ಹೋಗಿ. ಎತ್ತರ ಆಯಿತು ಎನಿಸಿದರೆ ನಿಂತು ಹೊಡೆತ ಎದುರಿಸಲು ಸಿದ್ಧರಾಗಿ. ಯಾವುದೇ ಆಗಲಿ, ಎದುರಾಳಿ ಚೆಂಡು ಮುಟ್ಟುವ ಕ್ಷಣಕ್ಕೆ ನಿಮ್ಮ ಎರಡೂ ಪಾದ ನೆಲದ ಮೇಲೆ ನಿಂತಿರಬೇಕು. ಓಡುತ್ತಿರುವವರ ಕಾಲಿಗೆ ಬಂದ ಚೆಂಡನ್ನು ತೆಗೆಯುವುದು ನುರಿತವರಿಗೂ ಕಷ್ಟ. ಎರಡು ಹೆಜ್ಜೆ, ನಿಲುಗಡೆ, ಹೊಡೆತ, ಮತ್ತೆ ಎರಡು ಹೆಜ್ಜೆ. ಒಂದೇ ಓಟದಲ್ಲಿ ಗೆರೆ ಮುಟ್ಟಲೇಬೇಕು ಎಂದೇನಿಲ್ಲ.

ನಡುದಾರಿಯಲ್ಲಿ ಇರುವಾಗ ಜೋರಾಗಿ ಬಂದ ಚೆಂಡಿಗೆ ಜೋರಾಗಿಯೇ ಉತ್ತರ ಕೊಡಬೇಡಿ. ಹಿಡಿತ ಸಡಿಲಿಸಿ, ಪ್ಯಾಡಲ್ಲನ್ನು ಅಡ್ಡ ಹಿಡಿದು, ಮುಂದಕ್ಕೆ ತಳ್ಳದೆ, ಚೆಂಡಿನ ವೇಗವನ್ನೆಲ್ಲ ಕೈಯಲ್ಲೇ ಅಡಗಿಸಿ ಎದುರಿನ ಕಿಚನ್‌ಗೆ ಬೀಳಿಸಿ. ಇದಕ್ಕೆ ರೀಸೆಟ್ ಎನ್ನುತ್ತಾರೆ. ಕೈ ತಪ್ಪಿ ಹೋಗುತ್ತಿದ್ದ ರ‍್ಯಾಲಿ ಮತ್ತೆ ಸಮಬಲಕ್ಕೆ ಬರುತ್ತದೆ, ನೀವು ಗೆರೆಗೆ ಬರಲು ಹೊತ್ತು ಸಿಗುತ್ತದೆ.

ಬ್ಯಾಡ್ಮಿಂಟನ್, ಟೆನಿಸ್, ಕ್ರಿಕೆಟ್ ಆಡಿದ ಕೈಗೆ

ಭಾರತಕ್ಕೆ ಪಿಕಲ್‌ಬಾಲ್ ಪರಿಚಯಿಸಿದವರು ಮುಂಬೈಯ ಸುನಿಲ್ ವಲವಲ್ಕರ್. ಈಗ ಬೆಂಗಳೂರಿನಲ್ಲೂ ಕಟ್ಟಡಗಳ ತಾರಸಿಯಿಂದ ಹಿಡಿದು ಕ್ಲಬ್ಬುಗಳವರೆಗೆ ಇದರ ಕೋರ್ಟುಗಳಿವೆ, ಅಲ್ಲಿಗೆ ಬರುವವರಲ್ಲಿ ಬ್ಯಾಡ್ಮಿಂಟನ್ ಆಡಿದವರು ಬಹಳ. ಅವರ ಕಣ್ಣು, ಕಾಲು ಎರಡೂ ಚುರುಕು. ಆದರೆ ಎರಡು ಅಭ್ಯಾಸ ಬಿಡಬೇಕಾಗುತ್ತದೆ. ಐದು ಅಡಿ ಎತ್ತರದ ನೆಟ್‌ನ ಬಳಿ ಷಟಲ್ ಬಂದರೆ ಮುಂದೆ ಹಾರಿ ಮೇಲೆಯೇ ತೆಗೆದುಕೊಳ್ಳುವುದು ಅಲ್ಲಿ ಸರಿ, ಇಲ್ಲಿ ಅದೇ ನೆಗೆತ ಕಿಚನ್ ಫೌಲ್ಟ್ ಆಗುತ್ತದೆ. ಇನ್ನೊಂದು ಮಣಿಕಟ್ಟಿನ ಮಿಂಚು. ಅದನ್ನು ಡಿಂಕ್‌ನಲ್ಲಿ ಬಳಸದೆ, ಮೇಲೆ ಸಿಕ್ಕ ಚೆಂಡಿಗಾಗಿ ಉಳಿಸಿಡಿ.

ಮೆದು ಆಟ ಗೆಲ್ಲುವುದಿಲ್ಲ ಎನ್ನುವವರಿಗೆ ಕನ್ನಡ ನಾಡಿನಲ್ಲೇ ದೊಡ್ಡ ಉತ್ತರ ಇದೆ. ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಸ್ಮ್ಯಾಷ್‌ಗೆ ಹೆಸರಾಗಿದ್ದ ಇಂಡೊನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರನ್ನು 15-3, 15-10ರಿಂದ ಮಣಿಸಿದರು. ಪಡುಕೋಣೆ ಹೆಸರಾದದ್ದು ಹತೋಟಿಗೆ, ನಾಜೂಕಿನ ಡ್ರಾಪ್‌ಗಳಿಗೆ, ವೇಗವನ್ನು ತಮಗೆ ಬೇಕಾದಂತೆ ಇಳಿಸಿ ಆಡುವ ಬುದ್ಧಿಗೆ. ಆಟ ಬೇರೆ, ಆದರೆ ಎದುರಾಳಿಗೆ ಹೊಡೆಯಲು ಅನುಕೂಲವಾದ ಎತ್ತರವನ್ನೇ ಕೊಡದಿರುವ ತತ್ವ ಎರಡಕ್ಕೂ ಒಂದೇ.

ಟೆನಿಸ್‌ನಿಂದ ಬಂದವರು ಉದ್ದದ ಬೀಸನ್ನು ಮೊಟಕುಗೊಳಿಸಬೇಕು. ಕ್ರಿಕೆಟ್‌ನಲ್ಲಿ ಸಡಿಲ ಕೈಯಿಂದ ರಕ್ಷಣಾತ್ಮಕವಾಗಿ ಆಡಿ ಚೆಂಡನ್ನು ಕಾಲಬುಡದಲ್ಲೇ ಬೀಳಿಸಿದವರಿಗೆ ರೀಸೆಟ್ ಬೇಗ ಒಲಿಯುತ್ತದೆ.

ಅಭ್ಯಾಸದ ಕ್ರಮ

ಪಂದ್ಯ ಆಡುತ್ತಲೇ ಮೆದು ಹೊಡೆತ ಕಲಿಯುವುದು ನಿಧಾನದ ದಾರಿ. ಗೆಲ್ಲುವ ಆಸೆ ಕೈಯನ್ನು ಬಿಗಿ ಮಾಡುತ್ತದೆ. ಪಂದ್ಯಕ್ಕೆ ಮುಂಚೆ ಹತ್ತು ಹದಿನೈದು ನಿಮಿಷ ಇದಕ್ಕೆಂದೇ ಎತ್ತಿಡಿ.

ಒಬ್ಬರೇ ಇದ್ದಾಗ ಗೋಡೆ ಸಾಕು. ನೆಲದಿಂದ 34 ಇಂಚು, ಅಂದರೆ 86 ಸೆಂಟಿಮೀಟರ್ ಎತ್ತರದಲ್ಲಿ ಒಂದು ಗೆರೆ ಎಳೆಯಿರಿ. ಏಳು ಅಡಿ ದೂರ ನಿಂತು ಗೆರೆಯ ಮೇಲೆ ಒಂದಡಿಯೊಳಗೆ ಮೆಲ್ಲಗೆ ತಾಗಿಸಿ, ಮರಳಿದ ಚೆಂಡು ಒಮ್ಮೆ ಪುಟಿದ ಮೇಲೆ ಮತ್ತೆ ಹೊಡೆಯಿರಿ. ಫೋರ್‌ಹ್ಯಾಂಡ್‌ನಷ್ಟೇ ಸಲ ಬ್ಯಾಕ್‌ಹ್ಯಾಂಡ್‌ನಲ್ಲೂ ಮಾಡಿ.

ಇಬ್ಬರಿದ್ದಾಗ ಎದುರುಬದುರು ನಿಂತು ನೇರ ಡಿಂಕ್. ಇಬ್ಬರೂ ಸೇರಿ ಒಂದೇ ಎಣಿಕೆ ಎಣಿಸಿ, ಇಪ್ಪತ್ತು ಮುಟ್ಟುವ ತನಕ ಗೆಲುವು ಸೋಲಿನ ಮಾತಿಲ್ಲ. ಅದು ಸಲೀಸಾದ ಮೇಲೆ ಕ್ರಾಸ್‌ಕೋರ್ಟ್‌ಗೆ ಹೋಗಿ ಮತ್ತೆ ಇಪ್ಪತ್ತು. ಆಮೇಲೆ ಕಿಚನ್ ಪಂದ್ಯ: ಕಿಚನ್‌ನ ಹೊರಗೆ ಬಿದ್ದ ಚೆಂಡು ಔಟ್, 11 ಅಂಕಕ್ಕೆ ಆಟ. ಕೊನೆಗೆ ಒಬ್ಬರು ಕಿಚನ್ ಗೆರೆಯಿಂದ ಮಧ್ಯಮ ವೇಗದಲ್ಲಿ ಹೊಡೆಯಲಿ, ಇನ್ನೊಬ್ಬರು ನಡುಕೋರ್ಟಿನಲ್ಲಿ ನಿಂತು ಒಂದೊಂದನ್ನೂ ರೀಸೆಟ್ ಮಾಡಲಿ.

ತಪ್ಪು ಎಲ್ಲಿ ಆಗುತ್ತಿದೆ ಎಂದು ಹುಡುಕುವುದೂ ಸುಲಭ. ಚೆಂಡು ನೆಟ್‌ಗೆ ಬೀಳುತ್ತಿದ್ದರೆ ಪ್ಯಾಡಲ್ ಮುಖ ಮುಚ್ಚಿದೆ ಅಥವಾ ಮಂಡಿ ಬಾಗಿಲ್ಲ. ಮೇಲೇಳುತ್ತಿದ್ದರೆ ಹಿಡಿತ ಬಿಗಿ ಅಥವಾ ಮಣಿಕಟ್ಟು ಅಲುಗುತ್ತಿದೆ. ಪಕ್ಕಕ್ಕೆ ಹೋಗುತ್ತಿದ್ದರೆ ತಡವಾಗಿ ಮುಟ್ಟುತ್ತಿದ್ದೀರಿ. ನೆಟ್‌ಗೆ ಹಾಕುವುದು, ಎತ್ತರಕ್ಕೆ ಕಳಿಸುವುದು ಇವೆರಡರಲ್ಲಿ ಎತ್ತರದ ತಪ್ಪು ವಾಸಿ. ನೆಟ್‌ಗೆ ಬಿದ್ದರೆ ರ‍್ಯಾಲಿ ಅಲ್ಲಿಗೇ ಮುಗಿಯಿತು, ಎತ್ತರಕ್ಕೆ ಹೋದದ್ದನ್ನು ಎದುರಾಳಿಯೂ ತಪ್ಪಿಸಿಕೊಳ್ಳಬಹುದು.

ದೇಹದ ಕಾಳಜಿಯೂ ಇದರ ಜೊತೆಗೇ ಬರಬೇಕು. ವಯಸ್ಸಾದ ಮೇಲೆ ಈ ಆಟಕ್ಕೆ ಬರುವವರು ಅನೇಕರು. ಓಡುವ ಶೂ ಬೇಡ, ಪಕ್ಕಕ್ಕೆ ಸರಿಯುವಾಗ ಕಣಕಾಲಿಗೆ ಆಸರೆ ಕೊಡುವ ಕೋರ್ಟ್ ಶೂ ಹಾಕಿ. ತಲೆಯ ಮೇಲೆ ಹಾರಿಹೋದ ಚೆಂಡಿಗೆ ಹಿಮ್ಮುಖವಾಗಿ ಓಡಬೇಡಿ. ಹಾಗೆ ಓಡಿ ಬಿದ್ದರೆ ಮಣಿಕಟ್ಟೋ ಸೊಂಟವೋ ಪೆಟ್ಟಾಗುತ್ತದೆ. ಮೈ ತಿರುಗಿಸಿ ಓಡಿ, ಇಲ್ಲವೇ ಆ ಒಂದು ಅಂಕ ಬಿಟ್ಟುಕೊಡಿ.

ಮುಂದಿನ ಸಲ ಆಡಲು ಹೋದಾಗ ಸ್ಕೋರಿನ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಿ. ಕಳೆದುಕೊಂಡ ಪ್ರತಿ ಅಂಕದ ನಂತರ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಕೊನೆಯದಾಗಿ ಹೊಡೆದಾಗ ಚೆಂಡು ನೆಟ್‌ಗಿಂತ ಮೇಲಿತ್ತೋ ಕೆಳಗಿತ್ತೋ? ಕೆಳಗಿನ ಚೆಂಡನ್ನು ಬಾರಿಸಿ ಕಳೆದುಕೊಂಡ ಅಂಕಗಳು ಎಷ್ಟೆಂದು ಗೊತ್ತಾದ ದಿನ ಯಾರ ಉಪದೇಶವೂ ಬೇಡ, ಕೈ ತಾನಾಗಿ ಸಡಿಲವಾಗುತ್ತದೆ. ಆ ಸಂಖ್ಯೆ ಇಳಿಯುತ್ತಾ ಹೋದ ಹಾಗೆ ನಿಮ್ಮ ಆಟ ಏರುತ್ತದೆ. ಅದಕ್ಕೆ ಹರೆಯವೂ ಬೇಡ, ತೋಳ್ಬಲವೂ ಬೇಡ. ಇನ್ನೊಂದು ಚೆಂಡನ್ನು ಮೆಲ್ಲಗೆ ದಾಟಿಸುವ ಮನಸ್ಸಿದ್ದರೆ ಸಾಕು.